ಅಮೆರಿಕದಲ್ಲಿ ಮೊದಲ ಕ್ರೆಡಿಟ್ ಕಾರ್ಡ್: ಬರಲಿರುವ ವಿದ್ಯಾರ್ಥಿಗಳಿಗೂ, ಊರಲ್ಲಿರುವ ಅಪ್ಪ ಅಮ್ಮಂದಿರಿಗೂ

ಆಗಸ್ಟ್ ಬಂತೆಂದರೆ ಡಲ್ಲಾಸ್ ಸುತ್ತಮುತ್ತಲಿನ ನಮ್ಮ ಅಪಾರ್ಟ್‌ಮೆಂಟುಗಳಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಹೊಸ ವಿದ್ಯಾರ್ಥಿಗಳು ಬಂದಿಳಿಯುತ್ತಾರೆ. ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಕಾಲೇಜಿಗೆ ಯಾವ ಬಸ್ಸು ಅನ್ನೋದೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅಕ್ಕಾ, ಕ್ರೆಡಿಟ್ ಕಾರ್ಡ್ ತಗೋಬೇಕಾ?" ತಗೊಳ್ಳಿ ಅಂತಲೇ ನಾನು ಹೇಳುತ್ತೇನೆ. ಬೇಗ ತಗೊಳ್ಳಿ, ಕಡಿಮೆ ಬಳಸಿ, ಬಿಲ್ ಪೂರ್ತಿ ಕಟ್ಟಿ.

ಈ ಮಾತು ಊರಿಗೆ ಮುಟ್ಟಿದರೆ ಮನೆಯವರಿಗೆ ಗಾಬರಿ. ನಮ್ಮಪ್ಪನೂ "ಸಾಲದ ಕಾರ್ಡು ನಿಂಗ್ಯಾಕಮ್ಮಾ? ದುಡ್ಡು ಕಮ್ಮಿ ಬಿದ್ರೆ ಹೇಳು, ಕಳಿಸ್ತೀನಿ" ಅಂದಿದ್ದರು. ಆ ಭಯಕ್ಕೆ ಕಾರಣ ಇದೆ. ಎಜುಕೇಶನ್ ಲೋನಿಗೆ ಮನೆ ಪತ್ರ ಬ್ಯಾಂಕಿನಲ್ಲಿ ಇಟ್ಟು ಮಕ್ಕಳನ್ನು ಕಳಿಸಿದವರು ಇನ್ನೊಂದು ಸಾಲದ ಹೆಸರು ಕೇಳಿದರೆ ಹೆದರದೆ ಇರುತ್ತಾರಾ? ಅದಕ್ಕೇ ಇದನ್ನು ಅವರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮೂರ ಕಿರಾಣಿ ಅಂಗಡಿಯವರಿಗೆ ಅಪ್ಪ ಗೊತ್ತು, ಅಜ್ಜ ಗೊತ್ತು, ಅದಕ್ಕೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುತ್ತಾರೆ. ಇಲ್ಲಿ ನಾವು ಯಾರಿಗೂ ಗೊತ್ತಿಲ್ಲ. ಆ ಪುಸ್ತಕ ಇಟ್ಟುಕೊಂಡಿರೋದು ಕ್ರೆಡಿಟ್ ಬ್ಯೂರೋ ಅನ್ನುವ ಮೂರು ಕಂಪನಿಗಳು: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್. ಯಾರು ಎಷ್ಟು ಸಾಲ ತೆಗೆದರು, ಹೊತ್ತಿಗೆ ಸರಿಯಾಗಿ ಕಟ್ಟಿದರಾ ಅನ್ನೋದು ಅವರ ಹತ್ತಿರ ಇರುತ್ತದೆ. ಅದರ ಮೇಲೆ ಲೆಕ್ಕ ಹಾಕಿ ಬರುವ ಸಂಖ್ಯೆಯೇ ಕ್ರೆಡಿಟ್ ಸ್ಕೋರ್. ಜಾಸ್ತಿ ಜನ ನೋಡುವ ಫೈಕೋ ಸ್ಕೋರ್ 300ರಿಂದ 850ರ ತನಕ ಇರುತ್ತದೆ.

ಊರಲ್ಲಿ ನಿಮ್ಮ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಅದು ತಾನಾಗಿ ಇಲ್ಲಿಗೆ ಬರುವುದಿಲ್ಲ. ಸಿಬಿಲ್ ಅದೇ ಟ್ರಾನ್ಸ್‌ಯೂನಿಯನ್ ಕೈಯಲ್ಲೇ ಇದ್ದರೂ ಇಲ್ಲಿನ ಫೈಲು ಖಾಲಿ ಹಾಳೆಯಿಂದಲೇ ಶುರು. ಡೆಬಿಟ್ ಕಾರ್ಡ್ ಎಷ್ಟು ಉಜ್ಜಿದರೂ ಆ ಹಾಳೆ ತುಂಬುವುದಿಲ್ಲ, ಯಾಕೆಂದರೆ ಅದು ನಿಮ್ಮದೇ ದುಡ್ಡು.

ಹಾಳೆ ಖಾಲಿ ಇದ್ದರೆ ಏನಾಗುತ್ತೆ? ಬಾಡಿಗೆ ಮನೆಗೆ ಅರ್ಜಿ ಹಾಕಿದಾಗ ಲೀಸಿಂಗ್ ಆಫೀಸಿನವರು ಮೊದಲು ನೋಡುವುದು ಕ್ರೆಡಿಟ್. ಏನೂ ಸಿಗದಿದ್ದರೆ ಹೆಚ್ಚಿನ ಡೆಪಾಸಿಟ್ ಕೇಳುತ್ತಾರೆ, ಇಲ್ಲವೇ ಇಲ್ಲಿಯೇ ಇರುವ ಒಬ್ಬರು ಜಾಮೀನು ನಿಲ್ಲಲಿ ಅನ್ನುತ್ತಾರೆ. ಟೆಕ್ಸಸ್‌ನ ಹೆಚ್ಚಿನ ಕಡೆ ಕರೆಂಟಿನ ಕಂಪನಿಯನ್ನು ನಾವೇ ಆರಿಸಿಕೊಳ್ಳಬೇಕು, ಅವರೂ ಡೆಪಾಸಿಟ್ ಕೇಳಬಹುದು. ಮುಂದೆ ಕೆಲಸ ಸಿಕ್ಕಿ ಕಾರ್ ತೆಗೆದುಕೊಳ್ಳುವಾಗ ಲೋನಿನ ಬಡ್ಡಿ ನಿಂತಿರುವುದೂ ಇದರ ಮೇಲೆಯೇ. ಕೈಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿಗೆ ಈ ಹೆಚ್ಚಿನ ಡೆಪಾಸಿಟ್ಟುಗಳೇ ದೊಡ್ಡ ಹೊರೆ. ಅಪ್ಪನಿಗೆ ನಾನು ಹೀಗೆ ಬಿಡಿಸಿ ಹೇಳಿದ ಮೇಲೆ "ಹಾಗಾದ್ರೆ ತಗೊಳಮ್ಮಾ, ಬಾಕಿ ಮಾತ್ರ ಇಟ್ಕೋಬೇಡ" ಅಂದರು. ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲಿಯ ಬ್ಯಾಂಕಿನವರೂ ಕೊಡುವುದಿಲ್ಲ.

ಕಾರ್ಡಿನ ಅರ್ಜಿಗೆ ಸಾಮಾನ್ಯವಾಗಿ ಮೊದಲು ಬೇಕಾಗುವುದು ಸೋಶಿಯಲ್ ಸೆಕ್ಯೂರಿಟಿ ನಂಬರ್, ಅಂದರೆ ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಇದು ಸುಮ್ನೆ ಸಿಗುವುದಿಲ್ಲ, ಕೆಲಸ ಇರಬೇಕು. ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಕ್ಯಾಂಪಸ್ ಕೆಲಸ ಸಿಕ್ಕರೆ ಅವರ ಪತ್ರ, ಇಂಟರ್‌ನ್ಯಾಷನಲ್ ಆಫೀಸಿನ ಪತ್ರ, ಪಾಸ್‌ಪೋರ್ಟ್, ಐ-20 (ವೀಸಾಕ್ಕೆ ಕಾಲೇಜು ಕೊಟ್ಟ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ) ಹಿಡಿದು ಸೋಶಿಯಲ್ ಸೆಕ್ಯೂರಿಟಿ ಆಫೀಸಿಗೆ ಹೋಗಬೇಕು. ಕ್ಯಾಂಪಸ್ ಕೆಲಸದಿಂದ ಸಿಗುವ ಸಂಬಳ ಕಡಿಮೆಯೇ. ಆದರೆ ಈ ನಂಬರ್ ಸಿಗುತ್ತದಲ್ಲ, ಅದಕ್ಕಾಗಿಯಾದರೂ ಮೊದಲ ಸೆಮಿಸ್ಟರಿನಲ್ಲೇ ಕೆಲಸ ಹುಡುಕಿ ಅನ್ನುತ್ತೇನೆ.

ಡಿಸ್ಕವರ್, ಕ್ಯಾಪಿಟಲ್ ಒನ್ ಥರದವರು ವಿದ್ಯಾರ್ಥಿಗಳಿಗೆ ಅಂತಲೇ ವಾರ್ಷಿಕ ಶುಲ್ಕ ಇಲ್ಲದ ಕಾರ್ಡ್ ಇಟ್ಟಿದ್ದಾರೆ. ನಿಮ್ಮ ಅಕೌಂಟ್ ಇರುವ ಬ್ಯಾಂಕಿನಲ್ಲೂ ಕೇಳಿ ನೋಡಿ. ಅರ್ಜಿಯಲ್ಲಿ ಆದಾಯ ಎಷ್ಟು ಅಂತ ಒಂದು ಕಡೆ ಕೇಳುತ್ತಾರೆ. ಅಲ್ಲಿ ಇರುವುದನ್ನೇ ಬರೆಯಿರಿ. "ಜಾಸ್ತಿ ಹಾಕು, ಯಾರು ನೋಡ್ತಾರೆ" ಅನ್ನುವ ಸೀನಿಯರ್‌ಗಳು ಸಿಗುತ್ತಾರೆ, ಅವರ ಮಾತು ಕೇಳಬೇಡಿ. ಬ್ಯಾಂಕಿಗೆ ಸುಳ್ಳು ಆದಾಯ ಬರೆದುಕೊಡುವುದು ಇಲ್ಲಿ ಫೆಡರಲ್ ಅಪರಾಧ. ವೀಸಾದ ಮೇಲೆ ಇರುವವರು ಇಂಥದ್ದರ ಹತ್ತಿರಕ್ಕೂ ಹೋಗಬಾರದು. 21 ತುಂಬದವರಿಗೆ ಇನ್ನೊಂದು ನಿಯಮ ಇದೆ. 2009ರ ಕಾರ್ಡ್ ಆಕ್ಟ್ ಅನ್ನುವ ಕಾನೂನಿನ ಪ್ರಕಾರ ಅವರಿಗೆ ತಮ್ಮದೇ ಆದಾಯ ಇರಬೇಕು, ಇಲ್ಲವೇ ಜೊತೆಗೆ ಸಹಿ ಹಾಕುವ ದೊಡ್ಡವರು ಬೇಕು. ಬಿ.ಇ. ಮುಗಿಸಿ ಎಂ.ಎಸ್.ಗೆ ಬರುವವರು ಸಾಮಾನ್ಯವಾಗಿ ಇದನ್ನು ದಾಟಿರುತ್ತಾರೆ.

ಅರ್ಜಿ ತಿರಸ್ಕಾರ ಆದರೆ ಎದೆಗುಂದಬೇಡಿ. ನನ್ನ ರೂಮ್‌ಮೇಟ್‌ಗೆ ಒಂದು ಬ್ಯಾಂಕಿನಿಂದ ಹಾಗೆ ಪತ್ರ ಬಂದಾಗ ಪಾಪ ಅವಳು ಊಟ ಬಿಟ್ಟು ಕೂತಿದ್ದಳು. ತೆಗೆದು ಓದಿದರೆ ಕಾರಣ ಒಂದೇ ಸಾಲು: ಕ್ರೆಡಿಟ್ ಇತಿಹಾಸ ಸಾಲದು. ಅವಳ ತಪ್ಪು ಏನೂ ಇಲ್ಲ, ಬಂದು ಇನ್ನೂ ಹೊಸದು ಅಷ್ಟೇ. ಬ್ಯಾಂಕಿನವರು ಬೇಡ ಅಂದ ಮೇಲೆ ಯಾಕೆ ಅಂತ ತಿಳಿಸಲೇಬೇಕು ಅನ್ನುವುದು ಇಲ್ಲಿನ ಕಾನೂನು, ಅದಕ್ಕೇ ಆ ಪತ್ರ. ಅವಳು ಆಮೇಲೆ ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಂಡಳು. 200 ಡಾಲರ್ ಡೆಪಾಸಿಟ್ ಇಟ್ಟರೆ 200 ಡಾಲರ್ ಮಿತಿಯ ಕಾರ್ಡ್ ಕೊಡುತ್ತಾರೆ. ಬ್ಯೂರೋಗಳಿಗೆ ವರದಿ ಮಾಡುವ ಕಾರ್ಡ್ ಆಗಿದ್ದರೆ ಅದರಿಂದಲೂ ಸ್ಕೋರ್ ಬೆಳೆಯುತ್ತದೆ. ಅದೊಂದನ್ನು ಮೊದಲೇ ಕೇಳಿಕೊಳ್ಳಿ.

ಒಂದರ ಹಿಂದೆ ಒಂದು ಅರ್ಜಿ ಮಾತ್ರ ಹಾಕಬೇಡಿ. ಪ್ರತಿ ಅರ್ಜಿಗೂ ಬ್ಯಾಂಕಿನವರು ನಿಮ್ಮ ಫೈಲು ತೆಗೆದು ನೋಡಿದ್ದು ದಾಖಲಾಗುತ್ತದೆ. ಹಾರ್ಡ್ ಇನ್‌ಕ್ವೈರಿ ಅನ್ನುತ್ತಾರೆ. ಅದು ರಿಪೋರ್ಟಿನಲ್ಲಿ 2 ವರ್ಷ ಇರುತ್ತದೆ, ಫೈಕೋ ಲೆಕ್ಕಕ್ಕೆ ಬರುವುದು 1 ವರ್ಷ. ಒಂದಕ್ಕೆ ಸಾಮಾನ್ಯವಾಗಿ ಕೆಲವೇ ಪಾಯಿಂಟ್ ಇಳಿಯುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಸಾಲು ಸಾಲಾಗಿ ಇದ್ದರೆ ಮಾತ್ರ ಇವರಿಗೆ ದುಡ್ಡಿನ ಅವಸರ ಇದೆ ಅಂತ ಕಾಣುತ್ತದೆ. ಎಷ್ಟೋ ಕಂಪನಿಗಳ ವೆಬ್‌ಸೈಟಿನಲ್ಲಿ ಸ್ಕೋರಿಗೆ ಏನೂ ಆಗದಂತೆ ಮುಂಚೆಯೇ ಅರ್ಹತೆ ನೋಡುವ ದಾರಿ ಇದೆ. ಅದನ್ನು ಬಳಸಿ.

ಕಾರ್ಡ್ ಕೈಗೆ ಬಂದ ಮೇಲೆ ಏನು ಅನ್ನೋದೇ ನಿಜವಾದ ವಿಷಯ. ಫೈಕೋ ಲೆಕ್ಕದಲ್ಲಿ 35% ತೂಕ ಹೊತ್ತಿಗೆ ಕಟ್ಟಿದಿರಾ ಅನ್ನುವುದಕ್ಕೆ. 30% ಎಷ್ಟು ಬಾಕಿ ಇದೆ ಅನ್ನುವುದಕ್ಕೆ. ಉಳಿದದ್ದರಲ್ಲಿ ಖಾತೆ ಎಷ್ಟು ಹಳೆಯದು, ಎಷ್ಟು ಹೊಸ ಸಾಲ, ಯಾವ್ಯಾವ ಬಗೆಯ ಸಾಲ ಅನ್ನುವುದು ಬರುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದು ತುಂಬಾ ಜನಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಒಂದು ಲೆಕ್ಕ ಹೇಳುತ್ತೇನೆ.

ಕಾರ್ಡಿನ ಮಿತಿ 500 ಡಾಲರ್ ಅಂತ ಇಟ್ಟುಕೊಳ್ಳಿ. ತಿಂಗಳ ಅಕ್ಕಿ, ಬೇಳೆ, ತರಕಾರಿ, ಫೋನು, ಪುಸ್ತಕ ಎಲ್ಲ ಸೇರಿ 400 ಡಾಲರ್ ಆಯಿತು. ಸ್ಟೇಟ್‌ಮೆಂಟ್, ಅಂದರೆ ತಿಂಗಳ ಬಿಲ್ಲು, ಬಂತು, ಗಡುವಿಗೆ ಮುಂಚೆ ನೀವು ಪೂರ್ತಿ ಕಟ್ಟಿದಿರಿ. ಬಡ್ಡಿ ಒಂದು ಸೆಂಟೂ ಇಲ್ಲ. ಆದರೂ ಸ್ಕೋರ್ ನೋಡಿದರೆ ಮೇಲೇಳುತ್ತಿಲ್ಲ. ಯಾಕೆ? ಹೆಚ್ಚಿನ ಬ್ಯಾಂಕುಗಳು ಬ್ಯೂರೋಗಳಿಗೆ ಕಳಿಸುವುದು ಸ್ಟೇಟ್‌ಮೆಂಟ್ ಆದ ದಿನದ ಬಾಕಿಯನ್ನು. ಆ ದಿನ 400 ಇತ್ತು, ಅಂದರೆ ಮಿತಿಯ 80%. ನೀವು ಆಮೇಲೆ ಕಟ್ಟಿದ್ದು ಆ ತಿಂಗಳ ವರದಿಯಲ್ಲಿ ಕಾಣುವುದೇ ಇಲ್ಲ. ಸ್ಟೇಟ್‌ಮೆಂಟ್ ಆಗುವ ಎರಡು ಮೂರು ದಿನ ಮೊದಲೇ 350 ಕಟ್ಟಿಬಿಟ್ಟರೆ ವರದಿಗೆ ಹೋಗುವುದು 50 ಮಾತ್ರ, 10%. ಉಳಿದ 50 ಗಡುವಿನೊಳಗೆ ಕಟ್ಟಿದರೆ ಆಯಿತು. ಖರ್ಚೂ ಅದೇ, ದುಡ್ಡೂ ಅದೇ, ಕಟ್ಟುವ ದಿನ ಮಾತ್ರ ಬೇರೆ. 30%ರ ಒಳಗಿರಲಿ ಅಂತ ಎಲ್ಲರೂ ಹೇಳುತ್ತಾರೆ, ಇನ್ನೂ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಮಿತಿ ಸಣ್ಣದಿರುವ ವಿದ್ಯಾರ್ಥಿಗಳಿಗೆ ಈ ಒಂದು ಅಭ್ಯಾಸ ತುಂಬಾ ಮುಖ್ಯ ಅಂತ ನನ್ನ ಅಭಿಪ್ರಾಯ.

ಸ್ಟೇಟ್‌ಮೆಂಟಿನಲ್ಲಿ ಎರಡು ಮೊತ್ತ ಇರುತ್ತದೆ. ಒಂದು ಪೂರ್ತಿ ಬಾಕಿ. ಇನ್ನೊಂದು "ಮಿನಿಮಮ್ ಪೇಮೆಂಟ್", ಸಣ್ಣ ಮೊತ್ತ, ನೋಡಿದರೆ ಆಸೆಯಾಗುವಂಥದ್ದು. ಅಷ್ಟು ಕಟ್ಟಿದರೆ ತಡವಾಯಿತು ಅಂತ ದಾಖಲಾಗುವುದಿಲ್ಲ, ನಿಜ. ಆದರೆ ಉಳಿದದ್ದಕ್ಕೆ ಬಡ್ಡಿ ಶುರುವಾಗುತ್ತದೆ, ವರ್ಷಕ್ಕೆ 20%ಗಿಂತ ಜಾಸ್ತಿ ಇರುವ ಕಾರ್ಡುಗಳೇ ಹೆಚ್ಚು. ಅದೇ ಹಾಳೆಯಲ್ಲಿ ಒಂದು ಚೌಕದೊಳಗೆ, ಬರೀ ಮಿನಿಮಮ್ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ಕಾಲ ಬೇಕು, ಒಟ್ಟು ಎಷ್ಟು ಕಟ್ಟಬೇಕಾಗುತ್ತದೆ ಅಂತ ಅಚ್ಚಾಗಿರುತ್ತದೆ. ಅದೂ 2009ರ ಆ ಕಾನೂನಿನಿಂದಲೇ ಬಂದದ್ದು. ಮೊದಲ ಸ್ಟೇಟ್‌ಮೆಂಟ್ ಬಂದ ದಿನ ಆ ಚೌಕವನ್ನು ಒಂದು ಸಲ ಓದಿ, ಪೂರ್ತಿ ಬಾಕಿಗೇ ಆಟೋಪೇ (ಬ್ಯಾಂಕ್ ಅಕೌಂಟಿನಿಂದ ತಾನಾಗಿ ಕಟ್ಟುವ ವ್ಯವಸ್ಥೆ) ಹಾಕಿಬಿಡಿ. ಆಟೋಪೇ ಮಿನಿಮಮ್‌ಗೆ ಹಾಕಿರುವುದಲ್ಲ ಅಂತ ಇನ್ನೊಮ್ಮೆ ನೋಡಿಕೊಳ್ಳಿ. ಎಟಿಎಂನಲ್ಲಿ ಈ ಕಾರ್ಡಿನಿಂದ ನಗದು ತೆಗೆಯಬೇಡಿ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ, ಮೇಲಿಂದ ಶುಲ್ಕ.

ಗಡುವು ತಪ್ಪಿದರೆ ಲೇಟ್ ಫೀ ಬೀಳುತ್ತದೆ. 30 ದಿನ ದಾಟಿದರೆ ಬ್ಯೂರೋಗೆ ಹೋಗುತ್ತದೆ, ಹೋದರೆ 7 ವರ್ಷ ರಿಪೋರ್ಟಿನಲ್ಲಿ ಉಳಿಯುತ್ತದೆ. ಹಾಗಾಗಿ ಪರೀಕ್ಷೆಯ ಗಲಾಟೆಯಲ್ಲಿ ಮರೆತುಬಿಟ್ಟರೂ ನೆನಪಾದ ಕೂಡಲೇ ಕಟ್ಟಿ.

ಫೈಕೋ ಸ್ಕೋರ್ ಹುಟ್ಟುವುದಕ್ಕೆ ಖಾತೆಗೆ ಕನಿಷ್ಠ 6 ತಿಂಗಳಾಗಬೇಕು. ಅಲ್ಲಿಯ ತನಕ ದಿನಾ ಆಪ್ ತೆರೆದು ನೋಡುವುದರಿಂದ ಏನೂ ಬದಲಾಗುವುದಿಲ್ಲ. ಮೂರೂ ಬ್ಯೂರೋಗಳ ರಿಪೋರ್ಟನ್ನು ಆನ್ಯುವಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಪುಕ್ಕಟೆ ನೋಡಬಹುದು. ನಮ್ಮ ಹೆಸರುಗಳು ಉದ್ದ, ಇನಿಷಿಯಲ್ ಬೇರೆ, ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಹೆಸರು, ವಿಳಾಸ ಸರಿಯಿದೆಯಾ ಅಂತ ಅಲ್ಲೇ ನೋಡಿ, ತಪ್ಪಿದ್ದರೆ ಬ್ಯೂರೋಗೆ ತಿಳಿಸಿ ಸರಿಮಾಡಿಸಿ.

ಓದು ಮುಗಿದು ಕೆಲಸ ಸಿಕ್ಕಿ ದೊಡ್ಡ ಕಾರ್ಡ್ ಬಂದ ಮೇಲೂ ಈ ಮೊದಲ ಕಾರ್ಡನ್ನು ಮುಚ್ಚಬೇಡಿ. ಶುಲ್ಕ ಇಲ್ಲವಲ್ಲ, ತಿಂಗಳಿಗೊಂದು ಸಣ್ಣ ಖರ್ಚು ಅದರಲ್ಲಿ ಇರಲಿ, ನಿಮ್ಮ ಹಳೆಯ ಖಾತೆ ಅದೇ. ಊರಿಗೇ ವಾಪಸ್ ಹೊರಟರೆ ಮಾತ್ರ ಬಾಕಿ ಪೂರ್ತಿ ತೀರಿಸಿ, ಕೊನೆಯ ಸ್ಟೇಟ್‌ಮೆಂಟ್ ಸೊನ್ನೆ ಬರುವ ತನಕ ಬ್ಯಾಂಕ್ ಅಕೌಂಟನ್ನು ತೆರೆದೇ ಇಟ್ಟುಕೊಂಡಿರಿ.