ಪ್ರಬಂಧಕ್ಕೆ ಯಾವ ಗೈಡ್ ತಗೊಳ್ಳೋಣ ಮೇಡಂ?

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಪೋಷಕರು ತಪ್ಪದೆ ಕೇಳುವ ಪ್ರಶ್ನೆ ಇದು. ಯಾವುದೂ ಬೇಡ ಅಂದರೆ ನಂಬುವುದಿಲ್ಲ. "ಹಾಗಾದ್ರೆ ಹೇಗೆ ಕಲಿಸ್ತೀರಿ?" ಅನ್ನುತ್ತಾರೆ. ಶಾಲೆಯ ಗೇಟಿನ ಹತ್ತಿರ ನಿಂತು ಹೇಳಿ ಮುಗಿಸುವ ಉತ್ತರವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರೆಸುವ ಮೊದಲು ಓದಿಸುತ್ತೇನೆ. ಕಥೆ, ಪದ್ಯ ಅಲ್ಲ, ಮಾಹಿತಿ ಇರುವ ಒಂದು ಪುಟ. ನಾನು ಹೆಚ್ಚಾಗಿ ಕೊಡುವುದು ಶಿವನಸಮುದ್ರದ ವಿದ್ಯುತ್ ಯೋಜನೆಯ ಬಗ್ಗೆ ನಾನೇ ತಯಾರಿಸಿದ ಪುಟ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೆಲಸ ಶುರುವಾಗಿದ್ದು, 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿದ್ದು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದ್ದು, ಎಲ್ಲ ಅದರಲ್ಲಿದೆ. ಕೊನೆಗೆ ಬೇಕೆಂದೇ ಒಂದು ಸಾಲು ಸೇರಿಸಿದ್ದೇನೆ: "ಏಷ್ಯಾದಲ್ಲೇ ಮೊದಲು ವಿದ್ಯುತ್ ದೀಪ ಕಂಡ ನಗರ ನಮ್ಮ ಹೆಮ್ಮೆಯ ಬೆಂಗಳೂರು."

ಮಕ್ಕಳ ಕೈಗೆ ಪೆನ್ಸಿಲ್. ಪರಿಶೀಲಿಸಿ ನೋಡಬಹುದಾದ ಮಾತಿನ ಕೆಳಗೆ ಗೆರೆ, ಬರೆದವರ ಅಭಿಪ್ರಾಯದ ಸುತ್ತ ಸೊನ್ನೆ. "ಹೆಮ್ಮೆಯ" ಎಂಬುದಕ್ಕೆ ಸೊನ್ನೆ ಸುತ್ತಲು ಯಾರೂ ತಡ ಮಾಡುವುದಿಲ್ಲ. "ಏಷ್ಯಾದಲ್ಲೇ ಮೊದಲು" ಬಂದಾಗ ಗಲಾಟೆ ಏಳುತ್ತದೆ. ಅದಕ್ಕೆ ಗೆರೆಯೇ ಸರಿ, ಯಾಕೆಂದರೆ ನೋಡಬಹುದು. ನೋಡಿದರೆ ನಿಲ್ಲುವುದಿಲ್ಲ: ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೋಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಬಂದಿತ್ತು, ಟೋಕಿಯೊದಲ್ಲಿ ಅದಕ್ಕೂ ಮೊದಲೇ ದೀಪ ಹೊತ್ತಿತ್ತು. ಒಂದಿಬ್ಬರ ಮುಖ ಸಪ್ಪಗಾಗುತ್ತದೆ. ಆಗಲಿ ಬಿಡಿ.

ಆಮೇಲೆ 1902, 1905 ಎಂಬ ಎರಡು ಇಸವಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಸುಮ್ಮನೆ ನಿಲ್ಲುತ್ತೇನೆ. ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ದೊಡ್ಡ ಊರು ಬಿಟ್ಟು ಗಣಿಗೆ ಯಾಕೆ ಮೊದಲು? ಪ್ರಬಂಧ ಸಿಕ್ಕಿತು. ಇನ್ನು ಮಕ್ಕಳು ಪುಟವನ್ನು ಮತ್ತೆ ಓದುವುದು ಉತ್ತರ ಹುಡುಕುವುದಕ್ಕೆ. ಗಣಿಯ ಯಂತ್ರಗಳು ಹಬೆಯಿಂದ ಓಡುತ್ತಿದ್ದವು, ಸೌದೆ, ಕಲ್ಲಿದ್ದಲಿಗೆ ಖರ್ಚು ಬೀಳುತ್ತಿತ್ತು. ಗಣಿ ಕಂಪನಿಗಳು ಕರೆಂಟು ಕೊಳ್ಳಲು ಒಪ್ಪಿದ್ದರಿಂದ ಸರ್ಕಾರಕ್ಕೆ ಹಾಕಿದ ದುಡ್ಡು ವಾಪಸ್ ಬರುವ ಭರವಸೆ ಇತ್ತು. ಈ ಎರಡನ್ನು "ಆದ್ದರಿಂದ" ಹಾಕಿ ಜೋಡಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಇದಕ್ಕೆ ಮೊದಲು ಅವರು ಬರೆಯುತ್ತಿದ್ದುದು ಹೀಗೆ: "ವಿದ್ಯುತ್ ಮಾನವನ ಜೀವನದಲ್ಲಿ ಅತ್ಯಂತ ಮಹತ್ವದ ಪಾತ್ರ ವಹಿಸುತ್ತದೆ." ನಾನು "ವಿದ್ಯುತ್" ಅಳಿಸಿ "ಗ್ರಂಥಾಲಯ" ಎಂದು ಬರೆಯುತ್ತೇನೆ. ಆಮೇಲೆ "ಪರಿಸರ". ಆಮೇಲೆ "ಕ್ರೀಡೆ". ಎಲ್ಲಕ್ಕೂ ಸರಿಹೊಂದುವ ವಾಕ್ಯ ಯಾವುದನ್ನೂ ಹೇಳುತ್ತಿಲ್ಲ, ಹೊಡೆದುಹಾಕಿ. ಗೈಡಿನ ಪ್ರಬಂಧಗಳಿಗೆ ಈ ಪರೀಕ್ಷೆ ಒಡ್ಡಿ ನೋಡಿ, ಪುಟಕ್ಕೆ ಎಷ್ಟು ಸಾಲು ಉಳಿಯುತ್ತದೋ. "ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಚಿನ್ನದ ಗಣಿಗೆ ಕರೆಂಟು ಬಂತು" ಎಂಬಲ್ಲಿ ಗ್ರಂಥಾಲಯ ಹಾಕಲು ಆಗುವುದಿಲ್ಲ.

ಅಂಕದ ಚಿಂತೆ ಇರುವವರಿಗೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಉಪಶೀರ್ಷಿಕೆಗಳನ್ನು ನಾನು ಬಿಡಿಸುವುದಿಲ್ಲ. ಪೇಪರ್ ತಿದ್ದುವವರು ಅವನ್ನು ಹುಡುಕುತ್ತಾರೆ. ಅಭ್ಯಾಸ ಮಾಡುವಾಗ ಮಾತ್ರ ಪೀಠಿಕೆಯನ್ನು ಕೊನೆಗೆ ಬರೆಸುತ್ತೇನೆ. ಏನು ಹೇಳಿದ್ದೇವೆಂದು ಗೊತ್ತಾದ ಮೇಲೆ ಅದು ಎರಡು ಸಾಲಿನಲ್ಲಿ ಬರುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಅಷ್ಟು ಹೊತ್ತಿರುವುದಿಲ್ಲ, ಆದರೆ ಅಷ್ಟರಲ್ಲಿ ಕೈ ಕುದುರಿರುತ್ತದೆ.

ಮನೆಯಲ್ಲಿ ಮಾಡಿಸಲು ಏನೂ ಕೊಳ್ಳಬೇಕಾಗಿಲ್ಲ. ಕರೆಂಟ್ ಬಿಲ್ ಕೊಡಿ. ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದ ತಿಂಗಳೂ ಬಿಲ್ ಬರುವುದು ಯಾಕೆ? ನಿಗದಿತ ಶುಲ್ಕ ಯಾವುದು, ಯೂನಿಟ್ ಲೆಕ್ಕ ಯಾವುದು? ಗೃಹಜ್ಯೋತಿಯ ಮನೆಯಾದರೆ ಇನ್ನೂ ಒಳ್ಳೆಯ ಪ್ರಶ್ನೆಯಿದೆ: ಹೋದ ತಿಂಗಳು ಸೊನ್ನೆ ಇದ್ದದ್ದು ಈ ತಿಂಗಳು ದುಡ್ಡು ಕಟ್ಟಿ ಅನ್ನುತ್ತಿದೆಯಲ್ಲ, ಯಾಕೆ? ಹತ್ತು ಸಾಲಿನಲ್ಲಿ ಬರೆದು ಅಜ್ಜಿಗೆ ಓದಿ ಹೇಳಲಿ. ಅಜ್ಜಿ ಎಲ್ಲಿ "ಹಾಂ?" ಅಂದರೋ ಆ ಸಾಲನ್ನು ಮತ್ತೆ ಬರೆಸಿ.