"ಏನೋ ಗೀಚಿದ್ರು ಸಾರ್"

"ಏನೋ ಗೀಚಿದ್ರು ಸಾರ್, ಅದನ್ನೂ ನೀಟಾಗಿ ತೆಗೆದುಬಿಟ್ಟೆ."

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹಲ್ಲುಜ್ಜುವಾಗ ಕೇಳುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಕೇಳುತ್ತದೆ. ಹೇಳಿದವನು ನಮ್ಮ ಬೀದಿಗೆ ಬರುವ ಸಾಣೆಯವನು. ಹೇಳುವಾಗ ಅವನ ಮುಖದಲ್ಲಿ ಒಂದು ಹೆಮ್ಮೆ ಇತ್ತಲ್ಲ, ನನಗೆ ಜಾಸ್ತಿ ಕಾಟ ಕೊಡುತ್ತಿರುವುದು ಅದೇ. ತಪ್ಪು ಮಾಡಿದವನ ಮುಖ ಆಗಿದ್ದರೆ ಎರಡು ಮಾತು ಬೈದು ಮರೆತುಬಿಡುತ್ತಿದ್ದೆ.

ಆಯುಧಪೂಜೆಗೆಂದು ಹಾಸನದಿಂದ ಅತ್ತೆ ಬಂದಿದ್ದಾರೆ. ನಮ್ಮತ್ತೆ ಸುಮ್ಮನೆ ಕೂರುವ ಜೀವ ಅಲ್ಲ. ಬಂದ ಎರಡನೇ ದಿನಕ್ಕೇ, ನಮ್ಮ ಮನೆ ಚಾಕುಗಳಲ್ಲಿ ಟೊಮೆಟೊ ಕುಯ್ಯುವುದಕ್ಕಿಂತ ಹಿಸುಕುವುದೇ ಸುಲಭ ಎಂದು ತೀರ್ಪು ಕೊಟ್ಟರು. ಸುಳ್ಳೇನಲ್ಲ. ಬೀದಿಯಲ್ಲಿ ಸಾಣೆಯವನ ಕೂಗು ಕೇಳಿದ್ದೇ ತಡ, ಈಳಿಗೆಮಣೆ, ಎರಡು ಚಾಕು, ಒಂದು ಕತ್ತರಿ ಎಲ್ಲವನ್ನೂ ಮೊರಕ್ಕೆ ಹಾಕಿಕೊಂಡು ಗೇಟಿಗೆ ಹೊರಟಿದ್ದಾರೆ. ದಾರಿಯಲ್ಲಿ ನನ್ನ ಮೇಜು ಸಿಕ್ಕಿದೆ. ಮೇಜಿನ ಮೇಲೆ ನ್ಯೂಸ್ ಪೇಪರಿನಲ್ಲಿ ಒಂದು ಮಡಚು ಚಾಕು. ಪಾಪ, ಅಳಿಯಂದಿರದ್ದೂ ತುಕ್ಕು ಹಿಡಿದಿದೆ, ಅವರಿಗೂ ಒಂದು ಉಪಕಾರ ಆಗಲಿ ಎಂದುಕೊಂಡು ಅದನ್ನೂ ಮೊರಕ್ಕೆ ಹಾಕಿದ್ದಾರೆ.

ನಾನು ಆಫೀಸಿನಿಂದ ಬಂದು ಸ್ಕೂಟರ್ ನಿಲ್ಲಿಸುವಾಗ ಗೇಟಿನ ಮುಂದೆ ಕಿಡಿ ಹಾರುತ್ತಿತ್ತು. ಸೈಕಲ್‌ಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿಯುತ್ತಿದ್ದ. ಮುಂದೆ ಕಲ್ಲು ತಿರುಗುತ್ತಿತ್ತು. ಒಳ್ಳೆ ದೃಶ್ಯ, ಒಂದು ಫೋಟೋ ತೆಗೆಯೋಣ ಎಂದು ಮೊಬೈಲ್ ಕೂಡ ಹೊರಗೆ ತೆಗೆದೆ ನೋಡಿ. ಆಮೇಲೆ ಅವನ ಕೈಯಲ್ಲಿರುವುದು ಯಾವ ಚಾಕು ಅಂತ ಕಂಡಿತು.

"ಒಂದೇ ನಿಮಿಷ ಸಾರ್, ಇದಕ್ಕೆ ಬಹಳ ತುಕ್ಕು ಹಿಡಿದಿತ್ತು," ಎಂದ.

"ಇಲ್ಲಿ, ಬುಡದಲ್ಲಿ ಏನೋ ಇತ್ತಲ್ಲಪ್ಪಾ?"

"ಹೂಂ, ಏನೋ ಗೀಚಿದ್ರು ಸಾರ್, ಅದನ್ನೂ ನೀಟಾಗಿ ತೆಗೆದುಬಿಟ್ಟೆ. ಅದಕ್ಕೆ ಬೇರೆ ದುಡ್ಡೇನೂ ಬೇಡ."

ಆ 'ಗೀಚಿದ್ದು' ಏನು ಅಂತ ಹೇಳಬೇಕು. ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಶಿಲುಬೆ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಡ್ಜರ್ಸ್ ಕಂಪನಿಗೆ ಆ ಗುರುತು ಸಿಕ್ಕಿದ್ದು 1764ರಲ್ಲಿ. 1822ರಲ್ಲಿ ಅವರು ಅರಮನೆಗೆ ಚಾಕು ಮಾಡಿಕೊಡುವವರಾದರು. ಆಮೇಲೆ ಅಲಗಿನ ಬುಡದಲ್ಲಿ ಕಿರೀಟವೂ, ಅದರ ಆಚೆ ಈಚೆ ಆಳುವ ರಾಜನ ಹೆಸರಿನ ಅಕ್ಷರಗಳೂ ಬಂದವು. ಹಳೇ ಚಾಕು ಕೂಡಿಡುವವರು ಮೊದಲು ನೋಡುವುದೇ ಆ ಜಾಗ. ವಿಕ್ಟೋರಿಯಾ ರಾಣಿ ಕಾಲದ್ದಾದರೆ 'ವಿ', 'ಆರ್' ಇರುತ್ತದೆ; 'ಆರ್' ಅಂದರೆ ಲ್ಯಾಟಿನ್ನಿನಲ್ಲಿ ರಾಜ ಅಥವಾ ರಾಣಿ. ಜಾರ್ಜ್ ದೊರೆಗಳ ಕಾಲದ್ದಾದರೆ 'ಜಿ', 'ಆರ್'. ನನ್ನದರಲ್ಲಿ 'ಆರ್' ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಮೊದಲ ಅಕ್ಷರ ಅರ್ಧ ಸವೆದಿತ್ತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ಬೀಗ, ನಲ್ಲಿ, ಹಳೇ ಚಾರ್ಜರ್‌ಗಳ ರಾಶಿಯಿಂದ ಅದನ್ನು ಹೆಕ್ಕಿ, 600 ಹೇಳಿದ್ದನ್ನು 350ಕ್ಕೆ ಇಳಿಸಿ ತಂದಿದ್ದೆ. ತಂದ ಮೇಲೆ ಮೂರು ವಾರ ರಾತ್ರಿ ಊಟ ಆದ ಮೇಲೆ ಅದೇ ಕೆಲಸ. ಭೂತಗನ್ನಡಿ, ಟಾರ್ಚ್, ಚಾಕು. ಒಂದು ದಿನ 'ವಿ' ಅನಿಸುತ್ತಿತ್ತು, ಮಾರನೇ ದಿನ 'ಜಿ'. ಇನ್ನೊಂದು ದಿನ ಇಡೀ ಚಾಕೇ ಡೂಪ್ಲಿಕೇಟ್ ಇರಬಹುದಾ ಎಂಬ ಅನುಮಾನ. ಹೆಸರು ಮಾಡಿದ ಗುರುತಿಗೆ ನಕಲು ಹುಟ್ಟುವುದು ಇವತ್ತಿನ ಚಾಳಿಯೇನಲ್ಲ. ರಾಡ್ಜರ್ಸ್‌ಗೂ ಆ ಕಾಟ ಇತ್ತು.

ಈಗ ಆ ಜಾಗದಲ್ಲಿ ಕನ್ನಡಿ ಇದೆ. ನನ್ನ ಮೂಗು ಕಾಣುತ್ತದೆ.

ಚಾಕು ಕೂಡಿಡುವ ಈ ಹುಚ್ಚು ಹತ್ತಿ ಇನ್ನೂ ಒಂದು ವರ್ಷ ಆಗಿಲ್ಲ. ಆಫೀಸಿನ ಗೆಳೆಯನೊಬ್ಬ ಫ್ರಾನ್ಸಿಗೆ ಹೋಗಿ ಬಂದವನು ಒಪಿನೆಲ್ ಎಂಬ ಒಂದು ಮಡಚು ಚಾಕು ತಂದುಕೊಟ್ಟ. ಕೊಡುವಾಗ ಒಂದು ರೂಪಾಯಿ ಕೇಳಿದ. ಚಾಕು ಪುಕ್ಕಟೆ ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದೆ ಎಂದು ಅಲ್ಲಿಯವರು ನಂಬುತ್ತಾರಂತೆ. ನನಗೆ ಖುಷಿಯಾಯಿತು. ನಮ್ಮಮ್ಮ ಚಾಕು ಕೈಗೆ ಕೊಡುವವಳೇ ಅಲ್ಲ, ಕೆಳಗೆ ಇಡುತ್ತಾಳೆ, ನಾವೇ ಎತ್ತಿಕೊಳ್ಳಬೇಕು. ಜಗಳ ಆಗುತ್ತದೆ ಎಂಬ ಹೆದರಿಕೆ ಎರಡೂ ಕಡೆ ಒಂದೇ.

ಒಪಿನೆಲ್ ಅಂದರೆ ದೊಡ್ಡ ಸಾಮಾನೇನಲ್ಲ. 1890ರಲ್ಲಿ ಫ್ರಾನ್ಸಿನ ಸವಾಯ್ ಬೆಟ್ಟಗಳ ಕಡೆಯ ಕಮ್ಮಾರನ ಮಗನೊಬ್ಬ ಮಾಡಿದ ರೈತರ ಚಾಕು. ಬೀಚ್ ಮರದ ಹಿಡಿ, ತೆಳ್ಳಗಿನ ಅಲಗು. 1955ರಲ್ಲಿ ಅದಕ್ಕೊಂದು ತಿರುಗುವ ಉಂಗುರ ಸೇರಿಸಿದರು, ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ. ಅಷ್ಟೇ. ನಮ್ಮ ಮಳೆಗಾಲಕ್ಕೆ ಮಾತ್ರ ಅದು ಹೇಳಿ ಮಾಡಿಸಿದ್ದಲ್ಲ. ಜುಲೈನಲ್ಲಿ ಮರ ಉಬ್ಬಿ ಅಲಗು ಒಳಗೇ ಸಿಕ್ಕಿಹಾಕಿಕೊಂಡಿತು. ಎಷ್ಟು ಉಗುರು ಹಾಕಿ ಎಳೆದರೂ ಬರಲಿಲ್ಲ. ಹಿಡಿಯ ಹಿಂಬದಿಯನ್ನು ಮೇಜಿಗೆ 'ಟಕ್' ಎಂದು ಕುಟ್ಟಿದರೆ ಅಲಗಿನ ತುದಿ ಹೊರಗೆ ಇಣುಕುತ್ತದೆ ಎಂದು ಆಮೇಲೆ ಗೊತ್ತಾಯಿತು. ಆ ಊರಿನವರು ಮಾಡುವುದೂ ಹಾಗೇ ಅಂತೆ.

ಆಮೇಲೆ ಜಪಾನಿನ ಹಿಗೋನೋಕಾಮಿ ಎಂಬ ಮಡಚು ಚಾಕು ಬಂತು, ತಂಗಿಯ ಗಂಡ ತಂದಿದ್ದು. ತಗಡು ಮಡಚಿದಂಥ ಹಿತ್ತಾಳೆ ಹಿಡಿ, ಲಾಕೂ ಇಲ್ಲ, ಸ್ಪ್ರಿಂಗೂ ಇಲ್ಲ. ಅಲಗಿನ ಬಾಲವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು. ಅಲ್ಲಿ ಒಂದು ಕಾಲಕ್ಕೆ ಶಾಲೆ ಮಕ್ಕಳು ಪೆನ್ಸಿಲ್ ಕೆತ್ತುತ್ತಿದ್ದದ್ದು ಇದರಲ್ಲೇ. ಮೂರನೆಯದು ತಾತನ ಎಲೆಅಡಿಕೆ ಚೀಲದಲ್ಲಿದ್ದ, ಹಿಡಿ ಬಿಟ್ಟುಹೋದ ಒಂದು ಚೂರಿ. ನಾಲ್ಕನೆಯದು ರಾಡ್ಜರ್ಸ್. ನಾಲ್ಕು ಚಾಕಿಗೆ ಯಾರಾದರೂ ಸಂಗ್ರಹ ಅಂತಾರಾ ಎಂದು ಹೆಂಡತಿ ಕೇಳಿದಳು. ಪೊಲೀಸರು ಹಿಡಿಯಲ್ವಾ ಎಂದೂ ಕೇಳಿದಳು. ಲೈಸೆನ್ಸಿನ ಮಾತು ಬರುವುದು ಅಲಗು 9 ಇಂಚು ದಾಟಿದರೆ ಇಲ್ಲವೇ 2 ಇಂಚಿಗಿಂತ ಅಗಲ ಇದ್ದರೆ, ನನ್ನವು ಒಂದೂ 4 ಇಂಚಿಲ್ಲ ಎಂದು ತೋರಿಸಿದೆ. "ಹಾಗಾದ್ರೆ ಈಳಿಗೆಮಣೆಗೇ ಲೈಸೆನ್ಸ್ ಬೇಕಾಗಿತ್ತು," ಎಂದಳು. ಅಡುಗೆಮನೆ ಸಾಮಾನಿಗೆ ವಿನಾಯಿತಿ ಇದೆ ಅನ್ನುವಷ್ಟರಲ್ಲಿ ಎದ್ದು ಹೋಗಿದ್ದಳು.

ಐದನೆಯದೊಂದು ಬರಬಹುದಿತ್ತು. ಅದೇ ಬಜಾರಿನಲ್ಲಿ ಕಡವೆ ಕೊಂಬಿನ ಹಿಡಿಯದ್ದು ಸಿಕ್ಕಿತ್ತು. ನಮ್ಮ ಕಾಡಿನ ಕಡವೆ ಕೊಂಬು ಹಡಗು ಹತ್ತಿ ಶೆಫೀಲ್ಡಿಗೆ ಹೋಗಿ, ಹಿಡಿಯಾಗಿ ಪ್ರಪಂಚವೆಲ್ಲ ಸುತ್ತುತ್ತಿದ್ದ ಕಾಲ ಒಂದಿತ್ತು. ಕೈಯಲ್ಲಿ ಹಿಡಿದರೆ ಆ ಗಂಟುಗಂಟು ಬೆರಳಿಗೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಅಲ್ಲೇ ಇಟ್ಟು ಬರುವುದು ಕಷ್ಟ. ಇಟ್ಟು ಬಂದೆ. 1972ರ ವನ್ಯಜೀವಿ ಕಾಯ್ದೆ ಇದೆ, ತಾನಾಗಿ ಉದುರಿದ ಕೊಂಬಿಗೂ ವಿನಾಯಿತಿ ಇಲ್ಲ.

ಇರಲಿ. ಮಂಗಳವಾರಕ್ಕೆ ಬರೋಣ.

ನಾನು ಸುಮ್ಮನೆ ನಿಂತದ್ದು ನೋಡಿ ಸಾಣೆಯವನಿಗೆ ನಾನು ಮೆಚ್ಚಿಕೊಂಡೆ ಅನಿಸಿರಬೇಕು. ಮಾತಿಗೆ ಬಂದ. "ಸಾರ್, ಇದು ಒಳ್ಳೆ ಉಕ್ಕು. ಕಿಡಿ ನೋಡಿದ್ರಾ?" ಎಂದ. ನೋಡಿದ್ದೆ, ಆದರೆ ಏನು ನೋಡಬೇಕು ಎಂದು ಗೊತ್ತಿರಲಿಲ್ಲ. ನಮ್ಮ ಅಡುಗೆಮನೆಯ ಸ್ಟೀಲ್ ಚಾಕನ್ನು ಕಲ್ಲಿಗೆ ತಾಗಿಸಿ ತೋರಿಸಿದ. ನಾಲ್ಕೇ ನಾಲ್ಕು ಕೆಂಪು ಕಿಡಿ, ಗಿಡ್ಡ ಗಿಡ್ಡ. ಆಮೇಲೆ ನನ್ನದನ್ನು ಒಂದು ಸಲ ತಾಗಿಸಿದ. ಸುರಸುರಬತ್ತಿ! ಪ್ರತಿ ಕಿಡಿಯ ತುದಿಯೂ ಹೂವಿನ ಥರ ಒಡೆಯುತ್ತಿತ್ತು. ಉಕ್ಕಿನಲ್ಲಿ ಇಂಗಾಲ ಜಾಸ್ತಿ ಇದ್ದರೆ ಕಿಡಿ ಹಾಗೆ ಸಿಡಿಯುತ್ತದೆ. ನಾನದನ್ನು ಎಲ್ಲೋ ಓದಿದ್ದೆ. ಅವನು ದಿನಾ ನೋಡುತ್ತಾನೆ.

ಅಲಗನ್ನು ಇಸಿದುಕೊಂಡು ಬೆಳಕಿಗೆ ಹಿಡಿದೆ. ನಿಜ ಹೇಳುತ್ತೇನೆ, ತಪ್ಪು ಹುಡುಕಲಿಕ್ಕೇ ಹಿಡಿದೆ. ಒಣಕಲ್ಲಿಗೆ ಜಾಸ್ತಿ ಹೊತ್ತು ಒತ್ತಿದರೆ ಅಲಗು ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ, ಹದ ಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಮೊನೆ ನಿಲ್ಲುವುದಿಲ್ಲ. ಎಲ್ಲಾದರೂ ಒಂದು ನೀಲಿ ಚುಕ್ಕೆ ಸಿಕ್ಕಿದ್ದರೆ ಬೈಯಲು ದಾರಿ ಆಗುತ್ತಿತ್ತು. ಸಿಗಲಿಲ್ಲ. ಸೈಕಲ್ಲಿಗೆ ಕಟ್ಟಿದ ಡಬ್ಬಿಯ ನೀರಿಗೆ ಮತ್ತೆ ಮತ್ತೆ ಅದ್ದಿ ಉಜ್ಜಿದ್ದಾನೆ.

ಮೂಗಿಗೆ ಒಂದು ಟವೆಲ್ ಸುತ್ತಿಕೊಂಡಿದ್ದ. ಮಧ್ಯೆ ಎರಡು ಸಲ ಕೆಮ್ಮಿದ. ಶೆಫೀಲ್ಡಿನ ಸಾಣೆಯವರ ಬಗ್ಗೆ ಓದಿದ್ದು ಆಗ ನೆನಪಾಯಿತು. 19ನೇ ಶತಮಾನದಲ್ಲಿ ಅಲ್ಲಿ ಒಣಕಲ್ಲಿನ ಮೇಲೆ ಊಟದ ಫೋರ್ಕುಗಳನ್ನು ಉಜ್ಜುತ್ತಿದ್ದವರು ಕಲ್ಲಿನ ಪುಡಿ ಒಳಗೆಳೆದು ಎಳೆದು, ಎಷ್ಟೋ ಮಂದಿ 30 ದಾಟುವಷ್ಟರಲ್ಲಿ ಹೋಗಿಬಿಡುತ್ತಿದ್ದರು. ಚಾಕು ಉಜ್ಜುವವರ ಎದೆಯೂ ಉಳಿಯುತ್ತಿರಲಿಲ್ಲ. ನನ್ನ ಚಾಕಿಗೆ ಮೊದಲ ಸಾಣೆ ಹಿಡಿದವನೂ ಅಂಥವನೇ ಒಬ್ಬ ಇರಬೇಕು. ಅಲಗಿನ ಮೇಲೆ ಧಣಿಯ ಹೆಸರಿತ್ತು, ದೊರೆಯ ಕಿರೀಟ ಇತ್ತು, ಉಜ್ಜಿದವನದು ಒಂದು ಗೆರೆಯೂ ಇರಲಿಲ್ಲ. ನಾನು ಮೂರು ವಾರ ಭೂತಗನ್ನಡಿ ಹಿಡಿದು ಹುಡುಕಿದ್ದೂ ದೊರೆ ಯಾರು ಅಂತಲೇ.

ಇದೆಲ್ಲಾ ಆಗ ಹೊಳೆಯಿತು ಎಂದರೆ ಸುಳ್ಳಾಗುತ್ತದೆ. ಆಗ ಹೊಟ್ಟೆ ಉರಿಯುತ್ತಿತ್ತು ಅಷ್ಟೇ. "ಎಷ್ಟಾಯ್ತು?" ಎಂದೆ. "ಎಲ್ಲಾ ಸೇರಿ 180," ಎಂದ. 200 ಕೊಟ್ಟೆ, ಚಿಲ್ಲರೆ ಬೇಡ ಎಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ.

ರಾತ್ರಿ ಪರಿಚಯದ ಸಂಗ್ರಾಹಕರೊಬ್ಬರಿಗೆ ಫೋನ್ ಮಾಡಿದೆ. ಎರಡು ನಿಮಿಷ ಮೌನ. ಆಮೇಲೆ, "ಮುಗೀತು ಬಿಡಿ. ಇನ್ಮೇಲೆ ಅದು ತರಕಾರಿ ಚಾಕು," ಎಂದರು. ಯಾರೋ ತೀರಿಕೊಂಡವರ ಬಗ್ಗೆ ಮಾತಾಡಿದ ಹಾಗೆ. ಪಟಿನಾ, ಅಂದರೆ ವಯಸ್ಸಾದ ಅಲಗಿನ ಮೇಲಿನ ಬೂದು ಪದರ, ಹೋಯಿತು, ಗುರುತು ಹೋಯಿತು, ಬೆಲೆ ಹೋಯಿತು, ಇನ್ನೇನುಳಿಯಿತು ಎಂದರು. ಒಳ್ಳೆ ಮನುಷ್ಯ, ಬೇಕಾದಷ್ಟು ಹೇಳಿಕೊಟ್ಟಿದ್ದಾರೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅಂಟಾಗುತ್ತದೆ, ಹೊಲಿಗೆ ಮಷಿನ್ ಎಣ್ಣೆ ಹಚ್ಚಿ ಎಂದವರೂ ಅವರೇ. ನಾನು ಅದನ್ನೂ ಹಚ್ಚಿರಲಿಲ್ಲ, ನಾಳೆ ನಾಳೆ ಎಂದು ಪೇಪರಿನಲ್ಲೇ ಬಿಟ್ಟಿದ್ದೆ. ಬೂದುಬಣ್ಣದ ಹಳೇ ಪದರ ಬೇರೆ, ಕೆಂಪು ತುಕ್ಕು ಬೇರೆ. ನನ್ನದರಲ್ಲಿ ಎರಡೂ ಇತ್ತು. ಅತ್ತೆಯ ಕಣ್ಣಿಗೆ ಕೆಂಪು ಕಂಡಿತು, ನನ್ನ ಕಣ್ಣಿಗೆ ಬೂದು. ಆದರೆ ಈ ಮಹನೀಯರ ಹತ್ತಿರ ಅರವತ್ತು ಚಾಕುಗಳಿವೆ, ಒಂದರಲ್ಲೂ ಇವತ್ತಿನವರೆಗೆ ಒಂದು ಸೇಬು ಕುಯ್ದಿಲ್ಲ. ಫೋನ್ ಇಟ್ಟಮೇಲೆ ನನಗೆ ಯಾಕೋ ಅದೇ ನೆನಪಾಗುತ್ತಿತ್ತು.

ಅತ್ತೆಗೆ ಏನೂ ಹೇಳಲಿಲ್ಲ. ಅಳಿಯನಾದವನು ಹೇಳುವುದಾದರೂ ಏನು? ಹೆಂಡತಿಗೆ ಹೇಳಿದೆ. ಅವಳು ಇಪ್ಪತ್ತು ನಿಮಿಷ ನಕ್ಕಳು.

ಆಯುಧಪೂಜೆ ದಿನ ಈಳಿಗೆಮಣೆ, ಚಾಕು, ಕತ್ತರಿ, ಸ್ಪ್ಯಾನರ್ ಎಲ್ಲಾ ಸಾಲಾಗಿ ಕೂತು ಅರಿಸಿನ ಕುಂಕುಮ ಇಡಿಸಿಕೊಂಡವು. ನಡುವೆ ರಾಡ್ಜರ್ಸ್. ಗುರುತು ಇದ್ದ ಜಾಗಕ್ಕೇ ಸರಿಯಾಗಿ ಅತ್ತೆ ಕುಂಕುಮ ಇಟ್ಟಿದ್ದರು. ಮಾರನೇ ದಿನ ಸಾರಿಗೆ ನಿಂಬೆಹಣ್ಣು ಕುಯ್ಯಲು ಅದನ್ನೇ ಎತ್ತಿಕೊಂಡರು. 'ಟಕ್' ಎಂದು ಬಿಡಿಸಿ, ಒಂದೇ ಎಳೆತ. ಬೀಜ ಕೂಡ ಎರಡು ಹೋಳು.

"ನೋಡಿ ಅಳಿಯಂದ್ರೇ, ಬೆಣ್ಣೆ ಬೆಣ್ಣೆ," ಎಂದರು. ಆಮೇಲೆ, "ನಿಮ್ಮ ಮರದ ಹಿಡೀದು ಒಂದು ಇತ್ತಲ್ಲ, ಹಿತ್ತಾಳೇದು ಇನ್ನೊಂದು? ಅವನು ಶನಿವಾರ ಮತ್ತೆ ಬರ್ತೀನಿ ಅಂದಿದಾನೆ."

ಅವೆರಡೂ ಈಗ ಸ್ಕೂಟರಿನ ಡಿಕ್ಕಿಯಲ್ಲಿವೆ.