ಪಕ್ಕದಲ್ಲಿದ್ದ ಪದದ ಮೋಸ
ಮೈಸೂರಿನ ಸರಸ್ವತಿಪುರಂನಲ್ಲಿ ಎಸ್‌ಎಟಿ ಬರೆಯುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಅಮೆರಿಕದ ಕಾಲೇಜು ಸೇರಲು ಬರೆಯುವ ಪರೀಕ್ಷೆ ಅದು. ಓದು-ಬರಹದ ಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆ. ಅದರಲ್ಲಿ ಸುಮಾರು ಕಾಲು ಭಾಗ ವ್ಯಾಕರಣ.

ತುಂಬಾ ದಿನ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ವಾಕ್ಯ ಓದಿಕೊಳ್ಳಿ, ಕಿವಿಗೆ ಯಾವುದು ಸರಿ ಅನ್ನಿಸುತ್ತೋ ಅದನ್ನ ಒತ್ತಿ." ಕಾನ್ವೆಂಟ್ ಮಕ್ಕಳ ಹತ್ತಿರ ಇದು ನಡೆಯುತ್ತಿತ್ತು. ನಡೆದಿದ್ದಕ್ಕೆ ನನ್ನ ಪಾಠವೇ ಕಾರಣ ಅಂತ ಬೀಗುತ್ತಿದ್ದೆ ಬೇರೆ.

ಹೋದ ವರ್ಷ ಶ್ರೀರಂಗಪಟ್ಟಣದ ಕಡೆಯ ಹುಡುಗಿಯೊಬ್ಬಳು ಸೇರಿದಳು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ, ಲೆಕ್ಕದಲ್ಲಿ ಗಟ್ಟಿ. ‘ದ ಬಾಸ್ಕೆಟ್ ಆಫ್ ಮ್ಯಾಂಗೋಸ್ ಫ್ರಮ್ ದ ವಿಲೇಜಸ್’ ಆದಮೇಲೆ ಬಿಟ್ಟ ಜಾಗಕ್ಕೆ ‘ಈಸ್’ ಬದಲು ‘ಆರ್’ ತುಂಬಿದ್ದಳು.

"ಕಿವಿಗೆ ಸರಿ ಅನ್ನಿಸ್ತೇನಮ್ಮ?"

"ಹೂಂ ಸಾರ್. ಪಕ್ಕದಲ್ಲೇ ವಿಲೇಜಸ್ ಇದೆಯಲ್ಲ."

ಏನು ಹೇಳಬೇಕೋ ತೋಚಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ನಾವು ‘ಹಳ್ಳಿಗಳಿಂದ ಬಂದ ಮಾವಿನಹಣ್ಣುಗಳ ಬುಟ್ಟಿ ಇಲ್ಲಿದೆ’ ಅನ್ನುತ್ತೇವೆ. ಹಳ್ಳಿ, ಹಣ್ಣು ಎಲ್ಲ ಮುಂಚೆಯೇ ಬಂದು ಹೋಗಿ, ಕೊನೆಗೆ ಬುಟ್ಟಿ ಬರುತ್ತದೆ. ಇಂಗ್ಲಿಷಿನಲ್ಲಿ ಬುಟ್ಟಿಯೇ ಮೊದಲು. ಬಾಲ ಆಮೇಲೆ ಬೆಳೆಯುತ್ತದೆ, ಕ್ರಿಯಾಪದದ ಪಕ್ಕ ಹಳ್ಳಿಗಳು ಬಂದು ಕೂರುತ್ತವೆ. ಪ್ರಶ್ನೆ ಮಾಡುವವರು ಗಾಳ ಹಾಕುವುದೂ ಅಲ್ಲೇ. ಹುಡುಗಿಯ ಕಿವಿ ಕನ್ನಡದ ಲೆಕ್ಕದಲ್ಲಿ ಸರಿಯಾಗಿಯೇ ಕೇಳಿಸಿಕೊಂಡಿತ್ತು.

ಮಾರನೆಯ ದಿನದಿಂದ ಕಿವಿಯ ಮಾತು ಬಿಟ್ಟೆ. ಅವಳಿಗೆ ಶಾಲೆಯಿಂದಲೇ ಗೊತ್ತಿದ್ದ ಕರ್ತೃಪದ, ಕ್ರಿಯಾಪದ ಹಿಡಿದುಕೊಂಡೆವು. ‘ಆಫ್’ನಿಂದ ಬಿಟ್ಟ ಜಾಗದವರೆಗೆ ಬೆರಳಲ್ಲಿ ಮುಚ್ಚಿ, ಉಳಿದದ್ದನ್ನು ಓದುವುದು. ಅದಕ್ಕೂ ಮೊದಲು ನಾಲ್ಕು ಆಯ್ಕೆಗಳ ಮೇಲೆ ಕಣ್ಣಾಡಿಸುವುದು: ಮೂರು ಬಹುವಚನ, ಒಂದೇ ಒಂದು ಏಕವಚನ ಇದ್ದರೆ ಅವರು ಕೇಳುತ್ತಿರುವುದು ವಚನ, ಕಾಲವಲ್ಲ.

ಕೆಲವು ಕಡೆ ಅವಳೇ ಮುಂದೆ. ‘ವಾಕಿಂಗ್ ಡೌನ್ ಸಯ್ಯಾಜಿರಾವ್ ರೋಡ್, ದ ಪ್ಯಾಲೇಸ್ ಕೇಮ್ ಇಂಟು ವ್ಯೂ’ ಅಂತ ಬೋರ್ಡಿನ ಮೇಲೆ ಬರೆದೆ. ಕಾನ್ವೆಂಟ್ ಹುಡುಗರಿಗೆ ತಪ್ಪೇ ಕಾಣಲಿಲ್ಲ. ಇವಳು ಕಿಸಕ್ಕನೆ ನಕ್ಕಳು. "ರಸ್ತೇಲಿ ನಡ್ಕೊಂಡು ಬಂದಿದ್ದು ಅರಮನೇನಾ ಸಾರ್?" ಕನ್ನಡದಲ್ಲಿ ‘ನಡೆದುಕೊಂಡು’ ಅಂದಮೇಲೆ ನಡೆದವರೇ ಮುಂದಿನ ಕೆಲಸವನ್ನೂ ಮಾಡಬೇಕು. ಆ ನಿಯಮ ಅವಳ ನಾಲಿಗೆಯಲ್ಲೇ ಇತ್ತು.

ಬೆರಳಿನ ಉಪಾಯ ಕೈಕೊಟ್ಟದ್ದು ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಬಂದಾಗ. ಮುಚ್ಚಿದರೆ ‘ನಂಬರ್’ ಒಂದೇ ಉಳಿಯುತ್ತದೆ, ಉತ್ತರ ಮಾತ್ರ ‘ಆರ್’. ಅದೊಂದು ಅಪವಾದ, ಬಾಯಿಪಾಠ ಮಾಡಿಕೋ ಅಂದುಬಿಟ್ಟೆ. ಎರಡು ದಿನ ಬಿಟ್ಟು ಬಂದವಳು ಬಳಪ ತೆಗೆದುಕೊಂಡು ಎರಡು ಸಾಲು ಬರೆದಳು. ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಎದುರಿಗೆ ‘ಹಲವು ವಿದ್ಯಾರ್ಥಿಗಳು’, ‘ದ ನಂಬರ್ ಆಫ್ ಸ್ಟೂಡೆಂಟ್ಸ್’ ಎದುರಿಗೆ ‘ವಿದ್ಯಾರ್ಥಿಗಳ ಸಂಖ್ಯೆ’.

"ಕನ್ನಡದಲ್ಲಿ ಕೊನೇಲಿ ಯಾವ್ದು ಬರುತ್ತೆ ನೋಡಿ ಸಾರ್. ಒಂದ್ರಲ್ಲಿ ವಿದ್ಯಾರ್ಥಿಗಳು, ಇನ್ನೊಂದ್ರಲ್ಲಿ ಸಂಖ್ಯೆ. ಅದಕ್ಕೆ ಆರ್, ಇದಕ್ಕೆ ಈಸ್."

ಸಂಜೆಯ ಬ್ಯಾಚಿನವರು ಬಂದಾಗಲೂ ಆ ಎರಡು ಸಾಲು ಬೋರ್ಡಿನ ಮೇಲೇ ಇದ್ದವು. ಕನ್ನಡ ಓದಲು ತಡವರಿಸುವ ಹುಡುಗನೊಬ್ಬ ಪಕ್ಕದವನನ್ನು ಕೇಳುತ್ತಿದ್ದ: "ಲೋ, ಹಲವು ಅಂದ್ರೆ ಏನೋ?"